ಉಪಗ್ರಹ ಸರ್ವೆಯ ನಿಯಂತ್ರಣ ಬಿಂದು ಹೊಂದದಿದ್ದಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ವಿವರ ಸರ್ವೆಯಲ್ಲಿ ಒಂದು ಬಿಂದು ತಪ್ಪಿದರೆ ನಕ್ಷೆಯಲ್ಲಿ ಅದೊಂದೇ ಎದ್ದು ಕಾಣುತ್ತದೆ. ಉಳಿದ ಅಳತೆಗಳಿಗೆಲ್ಲ ಆಧಾರವಾದ ನಿಯಂತ್ರಣ ಬಿಂದು ತಪ್ಪಿದರೆ ಅದನ್ನು ನಂಬಿಕೊಂಡ ಗಡಿಕಲ್ಲು, ಕಾಲುವೆ, ಸೇತುವೆಯ ಕಂಬ ಎಲ್ಲವೂ ಒಟ್ಟಿಗೆ ಸರಿಯುತ್ತವೆ. ನಕ್ಷೆ ಮಾತ್ರ ಅಂದವಾಗಿಯೇ ಇರುತ್ತದೆ. ಪಕ್ಕದ ಇನ್ನೊಂದು ಕೆಲಸದೊಂದಿಗೆ ಅದನ್ನು ಜೋಡಿಸುವ ದಿನ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ನಿಯಂತ್ರಣ ಬಿಂದುವಿನ ಬಗ್ಗೆ ಸಣ್ಣ ಅನುಮಾನ ಬಂದರೂ ಮುಂದಿನ ಕೆಲಸ ನಿಲ್ಲಿಸಿ ಕಾರಣ ಹುಡುಕಲೇಬೇಕು.

ಹುಡುಕಲು ಹೊರಟಾಗ ಹೆಚ್ಚಿನವರ ಕಣ್ಣು ಮೊದಲು ಆಕಾಶಕ್ಕೆ ಹೋಗುತ್ತದೆ: ಉಪಗ್ರಹ ಸರಿಯಿರಲಿಲ್ಲ, ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಕೆಟ್ಟಿತ್ತು, ಕಕ್ಷೆಯ ಮಾಹಿತಿ ತಪ್ಪಿತ್ತು ಎನ್ನುತ್ತಾರೆ. ಇವೆಲ್ಲ ಆಗುವುದುಂಟು. ಆದರೆ ದೋಷ ಬಹುಪಾಲು ಸಲ ಕಾಲ ಬುಡದಲ್ಲೇ ಇರುತ್ತದೆ: ಟ್ರೈಪಾಡ್, ಬಬಲ್ (ಮಟ್ಟ ತೋರಿಸುವ ಗುಳ್ಳೆ), ಆಂಟೆನಾ ಎತ್ತರ, ಬಿಂದುವಿಗೆ ಕೊಟ್ಟ ಹೆಸರು. ಇವನ್ನು ಪರೀಕ್ಷಿಸಲು ಖರ್ಚೂ ಇಲ್ಲ, ಸಮಯವೂ ಹೆಚ್ಚು ಬೇಡ. ಆದ್ದರಿಂದ ಇಲ್ಲಿನ ಕ್ರಮ ನೆಲದಿಂದ ಮೇಲಕ್ಕೆ: ಮೊದಲು ಬಿಂದು ಮತ್ತು ಉಪಕರಣ, ಆಮೇಲೆ ಸೆಟ್ಟಿಂಗ್, ಆಮೇಲೆ ಆಕಾಶ, ಕೊನೆಗೆ ಕಚೇರಿಯ ಲೆಕ್ಕ ಮತ್ತು ಡೇಟಮ್ (ನಿರ್ದೇಶಾಂಕಗಳಿಗೆ ಆಧಾರವಾದ ಚೌಕಟ್ಟು).

ಪರದೆಯ ಮೇಲೆ ‘ಫಿಕ್ಸ್’ (ಸ್ಥಾನ ಸೆಂಟಿಮೀಟರ್ ಮಟ್ಟಕ್ಕೆ ನಿಶ್ಚಿತವಾಯಿತು) ಎಂದು ಬಂದ ಮಾತ್ರಕ್ಕೆ ಬಿಂದು ಸರಿಯಿದೆ ಎಂದು ತಿಳಿಯಬೇಡಿ. ತನ್ನ ಲೆಕ್ಕದ ಬಗ್ಗೆ ರಿಸೀವರ್ ತಾನೇ ಕೊಟ್ಟುಕೊಂಡ ಅಭಿಪ್ರಾಯ ಅದು. ಬೇರೆ ಸಮಯದಲ್ಲಿ, ಟ್ರೈಪಾಡ್ ಕಿತ್ತು ಹೊಸದಾಗಿ ನಿಲ್ಲಿಸಿ ಮಾಡಿದ ಎರಡನೆಯ ಅಳತೆ ಮೊದಲನೆಯದಕ್ಕೆ ಹೊಂದಿದರೆ ಮಾತ್ರ ಬಿಂದುವನ್ನು ನಂಬಬಹುದು.

ಕೈ ಹಾಕುವ ಮೊದಲು

ಕಚ್ಚಾ ಕಡತಗಳ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ. ಮೂಲ ಕಡತದ ಹೆಸರು ಬದಲಿಸಬೇಡಿ, ಅದರೊಳಗಿನ ಆಂಟೆನಾ ಎತ್ತರವನ್ನು ತಿದ್ದಬೇಡಿ. ತಿದ್ದುವುದೇನಿದ್ದರೂ ಪ್ರತಿಯಲ್ಲಿ ತಿದ್ದಿ. ಕ್ಷೇತ್ರದಲ್ಲಿ ಬರೆದ ಹಾಳೆಯನ್ನು ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿ ಹಾಕಿ.

ಮರು ಅಳತೆಗೆ ಹೋಗುವಾಗ ಅವಸರವಿರುತ್ತದೆ, ಅಪಘಾತಗಳು ಆಗುವುದೂ ಆಗಲೇ. ಆಂಟೆನಾ ಹಿಡಿಯುವ ಕಾರ್ಬನ್ ಫೈಬರಿನ ಕೋಲು ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಂ ಕೋಲಿನ ಮಾತಂತೂ ಹೇಳುವುದೇ ಬೇಡ. ವಿದ್ಯುತ್ ತಂತಿಗಳ ಕೆಳಗೆ ಕೋಲನ್ನು ಉದ್ದ ಮಾಡಬೇಡಿ, ಉದ್ದವಿರುವ ಕೋಲನ್ನು ಹೆಗಲ ಮೇಲಿಟ್ಟು ನಡೆಯಬೇಡಿ. ಗುಡುಗು ಕೇಳಿಸಿದರೆ ಬೇಸ್ (ಒಂದು ಬಿಂದುವಿನ ಮೇಲೆ ಸ್ಥಿರವಾಗಿ ನಿಲ್ಲಿಸಿದ ರಿಸೀವರ್) ಬಿಟ್ಟು ವಾಹನದೊಳಗೆ ಅಥವಾ ಕಟ್ಟಡದೊಳಗೆ ಹೋಗಿ. ಬೋಳು ಗುಡ್ಡದ ಮೇಲಿನ ಟ್ರೈಪಾಡ್ ಸುತ್ತಮುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರುತ್ತದೆ. ರಸ್ತೆಯ ಅಂಚಿನ ಬಿಂದುವಿಗೆ ಪ್ರತಿಫಲಕ ಜಾಕೆಟ್ ಮತ್ತು ಎಚ್ಚರಿಕೆಯ ಶಂಕುಗಳು ಬೇಕು, ವಾಹನಗಳನ್ನು ಗಮನಿಸಲು ಇನ್ನೊಬ್ಬರು ಜೊತೆಗಿರಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು, ಒತ್ತಿ ರಿಸೀವರಿನೊಳಗೆ ತೂರಿಸಲೂಬಾರದು.

ವ್ಯತ್ಯಾಸದ ಗಾತ್ರವೇ ಮೊದಲ ಸುಳಿವು

ಎಷ್ಟು ತಪ್ಪಿದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಪೂರ್ವ, ಉತ್ತರ, ಎತ್ತರ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಕೆಲವು ಮಿಲಿಮೀಟರ್ ಇದ್ದರೆ ಅದು ದೋಷವೇ ಅಲ್ಲ, ಅಳತೆಯ ಸಹಜ ಏರಿಳಿತ. ಒಂದರಿಂದ ಮೂರು ಸೆಂಟಿಮೀಟರ್ ಇದ್ದರೆ ಬಬಲ್, ಕೇಂದ್ರೀಕರಣ (ಬಿಂದುವಿನ ನೇರ ಮೇಲೆ ಆಂಟೆನಾ ಕೂರಿಸುವುದು) ಅಥವಾ ಪ್ರತಿಫಲಿತ ಸಂಕೇತವನ್ನು ಶಂಕಿಸಿ. ಹತ್ತು, ಇಪ್ಪತ್ತು ಸೆಂಟಿಮೀಟರ್ ಇದ್ದರೆ ಸುಳ್ಳು ಫಿಕ್ಸ್ ಅಥವಾ ಆಂಟೆನಾ ಎತ್ತರ. ಒಂದೆರಡು ಮೀಟರ್ ಇದ್ದರೆ ಬೇಸಿನ ನಿರ್ದೇಶಾಂಕ, ಡೇಟಮ್, ಇಲ್ಲವೇ ತಿದ್ದುಪಡಿಯೇ ಇಲ್ಲದ ಸ್ಥಾನವನ್ನು ಉಳಿಸಿದ್ದು. ಎತ್ತರದಲ್ಲಿ ಮಾತ್ರ ಹತ್ತಾರು ಮೀಟರ್ ಇದ್ದರೆ ಜಿಯಾಯ್ಡ್ (ಸರಾಸರಿ ಸಮುದ್ರಮಟ್ಟದ ಮೇಲ್ಮೈ). ನೂರಾರು ಮೀಟರ್ ಅಥವಾ ಅದಕ್ಕೂ ಹೆಚ್ಚಿದ್ದರೆ ಹಳೆಯ ಡೇಟಮ್, ನಕ್ಷೆಯ ತಪ್ಪು ವಲಯ ಅಥವಾ ಬೇರೆಯದೇ ಬಿಂದು. ಇದರಿಂದ ಕಾರಣ ಪೂರ್ತಿ ತಿಳಿಯದಿದ್ದರೂ ಯಾವ ವಿಭಾಗದಿಂದ ಓದಬೇಕು ಎಂಬುದು ತಿಳಿಯುತ್ತದೆ.

ಲಕ್ಷಣ: ಉಪಗ್ರಹಗಳು ಸಿಗುತ್ತಿಲ್ಲ, ಅಥವಾ ಸಿಕ್ಕಿ ಸಿಕ್ಕಿ ಬಿಟ್ಟುಹೋಗುತ್ತಿವೆ

ತೆರೆದ ಜಾಗದಲ್ಲಿ ಸ್ವಲ್ಪ ಹೊತ್ತು ಕಾಯಿರಿ. ಬಹಳ ದಿನ ಬಳಸದ ಅಥವಾ ದೂರದ ಊರಿನಿಂದ ತಂದ ರಿಸೀವರಿಗೆ ಯಾವ ಉಪಗ್ರಹ ಎಲ್ಲಿದೆ ಎಂಬ ಹೊಸ ಪಟ್ಟಿ ಬೇಕಾಗುತ್ತದೆ. ಜಿಪಿಎಸ್‌ನ ಪೂರ್ತಿ ಪಟ್ಟಿ ಇಳಿಯಲು 12.5 ನಿಮಿಷ ಹಿಡಿಯುತ್ತದೆ. ಹದಿನೈದು ನಿಮಿಷ ಕಾದ ಮೇಲೂ ಏನೂ ಬದಲಾಗದಿದ್ದರೆ ಸೆಟ್ಟಿಂಗ್ ನೋಡಿ. ಗ್ಲೋನಾಸ್, ಗೆಲಿಲಿಯೊ, ಬೈಡೊ ಎಂಬ ಬೇರೆ ಉಪಗ್ರಹ ವ್ಯವಸ್ಥೆಗಳನ್ನು ಯಾರೋ ಆಫ್ ಮಾಡಿಟ್ಟಿರಬಹುದು. ಎಲಿವೇಷನ್ ಮಾಸ್ಕ್ (ಇದಕ್ಕಿಂತ ಕೆಳಗಿರುವ ಉಪಗ್ರಹ ಬೇಡ ಎಂಬ ಕೋನ) 10ರಿಂದ 15 ಡಿಗ್ರಿಯಲ್ಲಿ ಇರಬೇಕಾದದ್ದು ಹಿಂದಿನ ಕೆಲಸಕ್ಕೆಂದು 25ಕ್ಕೆ ಏರಿಸಿದ್ದು ಹಾಗೆಯೇ ಉಳಿದಿರಬಹುದು.

ಪ್ರತ್ಯೇಕ ಆಂಟೆನಾ ಇದ್ದರೆ ಕೇಬಲ್ ಬಿಚ್ಚಿ ನಡುವಿನ ಪಿನ್ ನೋಡಿ. ಬಾಗಿದೆಯೇ, ಹಸಿರುಗಟ್ಟಿದೆಯೇ, ನೀರಿನ ಪಸೆ ಇದೆಯೇ? ಆಂಟೆನಾಗೆ ವಿದ್ಯುತ್ ಹೋಗುವುದೂ ಅದೇ ಕೇಬಲಿನಲ್ಲಿ. ಇನ್ನೊಂದು ಕೇಬಲ್ ಹಾಕಿ ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಇಷ್ಟಾದ ಮೇಲೆ ಸಂಕೇತದ ಬಲ ನೋಡಿ. ನೆತ್ತಿಯ ಮೇಲಿನ ಉಪಗ್ರಹಗಳಿಗೆ 45ರ ಆಸುಪಾಸಿನ ಡೆಸಿಬೆಲ್-ಹರ್ಟ್ಸ್ ಇರುವುದು ಆರೋಗ್ಯದ ಗುರುತು. ಒಂದೇ ದಿಕ್ಕಿನವು ದುರ್ಬಲವಾಗಿದ್ದರೆ ಆ ದಿಕ್ಕಿನಲ್ಲಿ ಮರವೋ ಕಟ್ಟಡವೋ ಅಡ್ಡ ಇದೆ. ಎಲ್ಲ ದಿಕ್ಕಿನವೂ ಒಟ್ಟಿಗೆ ಕುಸಿದಿದ್ದರೆ ಆಂಟೆನಾ ಕೆಟ್ಟಿರಬೇಕು ಅಥವಾ ಹತ್ತಿರದಲ್ಲಿ ರೇಡಿಯೊ ಅಡಚಣೆ ಇರಬೇಕು. ನಿಮ್ಮದೇ ಬೇಸ್ ರೇಡಿಯೊವನ್ನು ಆರಿಸಿ ನೋಡಿ, ಇನ್ನೂರು ಮೀಟರ್ ದೂರ ಹೋಗಿ ನೋಡಿ. ಜಾಗ ಬದಲಿಸಿದೊಡನೆ ಬಲ ಮರಳಿದರೆ ಕಾರಣ ಜಾಗದಲ್ಲಿದೆ, ಅಲ್ಲಿ ನಿಯಂತ್ರಣ ಬಿಂದು ಬೇಡ. ಎಲ್ಲಿಗೆ ಹೋದರೂ ಅಷ್ಟೇ ಇದ್ದರೆ ಉಪಕರಣ ದುರಸ್ತಿಗೆ ಹೋಗಬೇಕು.

ಒಂದು ವಿಷಯವನ್ನು ದೋಷವೆಂದು ತಿಳಿಯಬೇಡಿ. ಜಿಪಿಎಸ್ ಕಕ್ಷೆಗಳು ಸಮಭಾಜಕಕ್ಕೆ 55 ಡಿಗ್ರಿ ಓರೆಯಾಗಿರುವುದರಿಂದ ಮಧ್ಯ ಅಕ್ಷಾಂಶಗಳಲ್ಲಿ ಧ್ರುವದ ಕಡೆಯ ಆಕಾಶದಲ್ಲಿ ಒಂದು ಭಾಗ ಯಾವಾಗಲೂ ಖಾಲಿ ಇರುತ್ತದೆ.

ಲಕ್ಷಣ: ಆರ್‌ಟಿಕೆ ಫ್ಲೋಟ್‌ನಲ್ಲೇ ನಿಂತಿದೆ

ಆರ್‌ಟಿಕೆ ಎಂದರೆ ಬೇಸ್ ಕಳಿಸುವ ತಿದ್ದುಪಡಿಯಿಂದ ರೋವರ್ (ಓಡಾಡುವ ರಿಸೀವರ್) ಕೂಡಲೇ ನಿಖರ ಸ್ಥಾನ ಲೆಕ್ಕ ಹಾಕುವ ಕ್ರಮ. ಫ್ಲೋಟ್ ಎಂದರೆ ಫಿಕ್ಸ್ ಇನ್ನೂ ಸಿಗದ ಸ್ಥಿತಿ. ಮೊದಲು ತಿದ್ದುಪಡಿಯ ವಯಸ್ಸು (ಅದು ಬಂದು ಎಷ್ಟು ಹೊತ್ತಾಯಿತು) ನೋಡಿ. ಒಂದೆರಡು ಸೆಕೆಂಡ್ ಇದ್ದರೆ ತಿದ್ದುಪಡಿ ಬರುತ್ತಿದೆ, ಸಮಸ್ಯೆ ಬೇರೆಡೆ ಇದೆ. ಅದು ಏರುತ್ತಲೇ ಇದ್ದರೆ ಸಂಪರ್ಕ ಕಡಿದಿದೆ. ಆಗ ಇಂಟರ್‌ನೆಟ್ ಮೂಲಕವಾದರೆ ಸಿಮ್‌ನ ಡೇಟಾ, ಬಳಕೆದಾರರ ಹೆಸರು, ಮೌಂಟ್‌ಪಾಯಿಂಟ್ (ಆರಿಸಿದ ತಿದ್ದುಪಡಿ ಮೂಲದ ಹೆಸರು), ಪೋರ್ಟ್ ಸಂಖ್ಯೆ ನೋಡಿ. ಎನ್‌ಟ್ರಿಪ್‌ಗೆ (ಇಂಟರ್‌ನೆಟ್ ಮೂಲಕ ತಿದ್ದುಪಡಿ ತರುವ ವಿಧಾನ) ಸಾಮಾನ್ಯವಾಗಿ ಬಳಸುವ ಪೋರ್ಟ್ 2101. ವರ್ಚುವಲ್ ಬೇಸ್ (ನಿಮ್ಮ ಹತ್ತಿರವೇ ಇದೆಯೆಂದು ಲೆಕ್ಕದಲ್ಲಿ ಕಟ್ಟಿದ ಬೇಸ್) ಕೊಡುವ ಜಾಲವಾದರೆ ರೋವರ್ ತನ್ನ ಅಂದಾಜು ಸ್ಥಾನವನ್ನು ಸರ್ವರಿಗೆ ಕಳಿಸುವ ಆಯ್ಕೆ ಆನ್ ಇರಲೇಬೇಕು. ರೇಡಿಯೊ ಮೂಲಕವಾದರೆ ಎರಡೂ ಕಡೆಯ ಚಾನೆಲ್, ಪ್ರೋಟೊಕಾಲ್ ಮತ್ತು ವೇಗ ಒಂದೇ ಆಗಿರಬೇಕು.

ತಿದ್ದುಪಡಿ ಬರುತ್ತಿದ್ದೂ ಫ್ಲೋಟ್ ಇದ್ದರೆ ಬೇಸ್ ಮತ್ತು ರೋವರ್ ಎರಡಕ್ಕೂ ಸಾಮಾನ್ಯವಾಗಿ ಸಿಗುವ ಉಪಗ್ರಹಗಳನ್ನು ಎಣಿಸಿ. ರೋವರ್ 30 ಉಪಗ್ರಹ ಹಿಡಿದು ಬೇಸ್ ಜಿಪಿಎಸ್ ತಿದ್ದುಪಡಿ ಮಾತ್ರ ಕಳಿಸುತ್ತಿದ್ದರೆ ಲೆಕ್ಕಕ್ಕೆ ಬರುವುದು ಎಂಟೋ ಒಂಬತ್ತೋ ಅಷ್ಟೇ. ಅವುಗಳಲ್ಲಿ ಮೂರು ಮರದ ಮರೆಯಲ್ಲಿದ್ದರೆ ಫಿಕ್ಸ್ ಬಾರದಿರುವುದು ಸಹಜ. ಬೇಸಿನ ದೂರವನ್ನೂ ನೋಡಿ. ಒಂಟಿ ಬೇಸಿನಿಂದ ಹತ್ತು ಹದಿನೈದು ಕಿಲೋಮೀಟರ್ ದಾಟಿದ ಮೇಲೆ ನಿಯಂತ್ರಣ ಬಿಂದುವಿಗೆ ಆರ್‌ಟಿಕೆಯನ್ನು ನಾನು ನೆಚ್ಚುವುದಿಲ್ಲ.

ಇವೆಲ್ಲ ಸರಿಯಿದ್ದರೆ ಈಗ ಆಕಾಶವನ್ನು ಶಂಕಿಸಬಹುದು. ಸಮಭಾಜಕದ ಇಕ್ಕೆಲದ ಪ್ರದೇಶಗಳಲ್ಲಿ ಸೂರ್ಯಾಸ್ತದಿಂದ ನಡುರಾತ್ರಿಯವರೆಗೆ ಅಯಾನುಗೋಳ ಕಲಕಿ ಸಂಕೇತ ಮಿಣುಕುತ್ತದೆ. ಸೂರ್ಯನ ಚಟುವಟಿಕೆ ಉತ್ತುಂಗದಲ್ಲಿರುವ ವರ್ಷಗಳಲ್ಲಿ ಇದು ಇನ್ನೂ ಹೆಚ್ಚು. 2024ರ ಮೇ 10 ಮತ್ತು 11ರ ಭೂಕಾಂತೀಯ ಬಿರುಗಾಳಿಯಲ್ಲಿ ಅಮೆರಿಕದ ಬಿತ್ತನೆಯ ಹೊಲಗಳಲ್ಲಿ ಉಪಗ್ರಹ ನೋಡಿ ಸಾಗುವ ಟ್ರ್ಯಾಕ್ಟರುಗಳೇ ದಾರಿ ತಪ್ಪಿದವು. ಅಂಥ ಹೊತ್ತಿನಲ್ಲಿ ಸೆಟ್ಟಿಂಗ್ ಬದಲಿಸುತ್ತ ಕೂರುವುದರಿಂದ ಲಾಭವಿಲ್ಲ, ಬೆಳಗ್ಗೆ ಮತ್ತೆ ಹೋಗಿ. ತೆರೆದ ಜಾಗದಲ್ಲಿ ಹತ್ತು ನಿಮಿಷವಾದರೂ ಫಿಕ್ಸ್ ಬಾರದಿದ್ದರೆ ಆರ್‌ಟಿಕೆ ಬಿಟ್ಟು ಸ್ಟ್ಯಾಟಿಕ್ ದಾಖಲೆಗೆ (ರಿಸೀವರನ್ನು ಅಲುಗಿಸದೆ ಬಹಳ ಹೊತ್ತು ಓಡಿಸಿ, ಆಮೇಲೆ ಕಚೇರಿಯಲ್ಲಿ ಲೆಕ್ಕ ಹಾಕುವುದು) ಇಳಿಯಿರಿ. ಫ್ಲೋಟ್ ಬೆಲೆಯನ್ನು ನಿಯಂತ್ರಣ ಬಿಂದುವಾಗಿ ಉಳಿಸುವುದು ಯಾವ ಅವಸರದಲ್ಲೂ ಸಲ್ಲ.

ಲಕ್ಷಣ: ಎರಡು ಸಲವೂ ಫಿಕ್ಸ್ ಬಂದಿದೆ, ಉತ್ತರ ಬೇರೆ ಬೇರೆ

ಬಬಲಿನಿಂದ ಶುರು ಮಾಡಿ. ಎರಡು ಮೀಟರ್ ಕೋಲಿನ ಬಬಲ್ ಹತ್ತು ನಿಮಿಷ ಕೋನದಷ್ಟು ತಪ್ಪಿದ್ದರೆ ತುದಿಯಲ್ಲಿ ಆಂಟೆನಾ ಸುಮಾರು 6 ಮಿಲಿಮೀಟರ್ ಓರೆಯಾಗುತ್ತದೆ. ಕೋಲನ್ನು ಎರಡು ಕಾಲಿನ ಆಸರೆಯಲ್ಲಿ ನಿಲ್ಲಿಸಿ, ಬಬಲ್ ನಡುವಿಗೆ ತಂದು, ಕೋಲನ್ನು ಅರ್ಧ ಸುತ್ತು ತಿರುಗಿಸಿ. ಬಬಲ್ ನಡುವಿನಲ್ಲೇ ಉಳಿದರೆ ಸರಿ. ಸರಿದರೆ ಸರಿದದ್ದರ ಅರ್ಧವೇ ಬಬಲಿನ ದೋಷ. ಟ್ರೈಬ್ರಾಕಿನಲ್ಲಿರುವ (ಟ್ರೈಪಾಡ್ ಮೇಲೆ ಆಂಟೆನಾವನ್ನು ಮಟ್ಟ ಮಾಡುವ ತಳ), ನೇರ ಕೆಳಗಿನ ಬಿಂದು ತೋರಿಸುವ ಆಪ್ಟಿಕಲ್ ಪ್ಲಮ್ಮೆಟ್‌ಗೂ ಇಂಥದೇ ಪರೀಕ್ಷೆ. ಟ್ರೈಪಾಡಿನ ತಲೆಯ ಮೇಲೆ ಟ್ರೈಬ್ರಾಕಿನ ಅಂಚನ್ನು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, ಮೂರನೇ ಒಂದರಷ್ಟು ಸುತ್ತು ತಿರುಗಿಸಿ, ಪ್ರತಿ ಸಲವೂ ಮಟ್ಟ ಮಾಡಿ, ನೆಲದ ಮೇಲಿನ ಕಾಗದದಲ್ಲಿ ಬಿಂದು ಗುರುತಿಸಿ. ಮೂರು ಗುರುತುಗಳು ಒಂದೇ ಕಡೆ ಬಿದ್ದರೆ ಪ್ಲಮ್ಮೆಟ್ ಸರಿಯಿದೆ. ತ್ರಿಕೋನವಾದರೆ ಅದರ ನಡುವೆಯೇ ನಿಜವಾದ ಕೇಂದ್ರ.

ಮುಂದಿನದು ಪ್ರತಿಫಲನ. ತಗಡಿನ ಮಾಡು, ತಂತಿಬೇಲಿ, ನೀರಿನ ಹರವು, ಬಿಂದುವಿನ ಪಕ್ಕದಲ್ಲೇ ನಿಲ್ಲಿಸಿದ ನಿಮ್ಮದೇ ವಾಹನ, ಇವುಗಳಿಗೆ ಬಡಿದು ಬಂದ ಸಂಕೇತ ನೇರ ಸಂಕೇತದೊಂದಿಗೆ ಬೆರೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಜಿಪಿಎಸ್ ಉಪಗ್ರಹಗಳ ಜೋಡಣೆ 23 ಗಂಟೆ 56 ನಿಮಿಷಕ್ಕೊಮ್ಮೆ ಮರುಕಳಿಸುತ್ತದೆ. ಇವತ್ತು ಹತ್ತು ಗಂಟೆಗೆ ಅಳೆದು ನಾಳೆಯೂ ಹತ್ತು ಗಂಟೆಗೆ ಅಳೆದರೆ ಹೆಚ್ಚುಕಡಿಮೆ ಅದೇ ಉಪಗ್ರಹಗಳು ಅದೇ ತಗಡಿಗೆ ಬಡಿದು ಅದೇ ತಪ್ಪನ್ನು ಕೊಡುತ್ತವೆ. ಎರಡೂ ಚೆನ್ನಾಗಿ ಹೊಂದುತ್ತವೆ, ಎರಡೂ ತಪ್ಪಾಗಿರುತ್ತವೆ. ಮರು ಅಳತೆಯನ್ನು ದಿನದ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ, ನಡುವೆ ಕನಿಷ್ಠ ಮೂರು ಗಂಟೆಯ ಅಂತರವಿರಲಿ.

ವ್ಯತ್ಯಾಸ ಡೆಸಿಮೀಟರಿನಷ್ಟಿದ್ದರೆ ಸುಳ್ಳು ಫಿಕ್ಸ್ ಎಂದೇ ಹಿಡಿಯಿರಿ. ಜಿಪಿಎಸ್‌ನ ಎಲ್1 ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್, ಎಲ್2 ಅಲೆಯದು ಸುಮಾರು 24. ಪೂರ್ಣ ಅಲೆಗಳ ಎಣಿಕೆ ಒಂದೆರಡು ಉಪಗ್ರಹಕ್ಕೆ ತಪ್ಪಿದರೂ ಸ್ಥಾನ ಈ ಪ್ರಮಾಣದಲ್ಲಿ ಜಿಗಿಯುತ್ತದೆ, ಪರದೆ ಮಾತ್ರ ಒಂದು ಸೆಂಟಿಮೀಟರ್ ನಿಖರತೆ ತೋರಿಸುತ್ತಲೇ ಇರುತ್ತದೆ. ಆಂಟೆನಾವನ್ನು ತಲೆಕೆಳಗೆ ಮಾಡಿ ಅಥವಾ ಆರಂಭೀಕರಣವನ್ನು ಕೈಯಿಂದಲೇ ರದ್ದು ಮಾಡಿ ಹೊಸದಾಗಿ ಫಿಕ್ಸ್ ಪಡೆಯಿರಿ. ಮೂರು ಬಾರಿ ಹೀಗೆ ಮಾಡಿದಾಗ ಒಂದು ಬೇರೆ ಬಂದರೆ, ಆ ಒಂದನ್ನು ಬಿಟ್ಟು ಉಳಿದೆರಡರ ಸರಾಸರಿ ತೆಗೆದು ಮುಗಿಸಬೇಡಿ. ಹಾಗೆ ಬದಲಾಗುವ ಜಾಗದಲ್ಲಿ ಆ ಎರಡನ್ನೂ ನಂಬಲಾಗದು. ಸ್ಟ್ಯಾಟಿಕ್ ಮಾಡಿ, ಇಲ್ಲವೇ ಬಿಂದುವನ್ನು ತೆರೆದ ಕಡೆಗೆ ಸರಿಸಿ.

ಲಕ್ಷಣ: ಪೂರ್ವ, ಉತ್ತರ ಸರಿಯಿವೆ, ಎತ್ತರ ಮಾತ್ರ ತಪ್ಪು

ನನ್ನ ಮಟ್ಟಿಗೆ ಇದೇ ಅತಿ ಹೆಚ್ಚು ಕಾಣುವ ದೂರು. ಉಪಗ್ರಹಗಳು ನಮ್ಮ ತಲೆಯ ಮೇಲಷ್ಟೇ ಇರುತ್ತವೆ, ಪಾದದ ಕೆಳಗಿರುವುದಿಲ್ಲ. ಆದ್ದರಿಂದ ಎತ್ತರದ ಅನಿಶ್ಚಿತತೆ ಸಮತಲದ್ದಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ಅಳತೆ ಟೇಪು ಕೈಗೆ ತೆಗೆದುಕೊಳ್ಳಿ.

ಟ್ರೈಪಾಡ್ ಮೇಲಿನ ಆಂಟೆನಾ ಎತ್ತರವನ್ನು ನೇರವಾಗಿ ಅಳೆಯಲು ಆಗುವುದಿಲ್ಲ, ನಡುವೆ ಟ್ರೈಪಾಡಿನ ತಲೆ ಅಡ್ಡ ಬರುತ್ತದೆ. ಹಾಗಾಗಿ ನೆಲದ ಬಿಂದುವಿನಿಂದ ಆಂಟೆನಾ ಅಂಚಿನ ಗುರುತಿಗೆ ಓರೆಯಾಗಿ ಟೇಪು ಹಿಡಿಯುತ್ತೇವೆ. ಓರೆ ಅಳತೆ 1.500 ಮೀಟರ್, ಆಂಟೆನಾ ತಟ್ಟೆಯ ತ್ರಿಜ್ಯ 0.170 ಮೀಟರ್ ಇದ್ದರೆ ಲಂಬ ಎತ್ತರ 1.490 ಮೀಟರ್. ಓರೆಯದನ್ನೇ ಲಂಬವೆಂದು ತುಂಬಿದರೆ ಸುಮಾರು 10 ಮಿಲಿಮೀಟರ್ ಹೋಯಿತು. ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಅಳೆದದ್ದು ಯಾವ ಜಾಗಕ್ಕೆ ಎಂಬ ಗೊಂದಲದಿಂದ. ಆಂಟೆನಾದ ತಳ ಒಂದು, ಬದಿಯ ಗುರುತು ಇನ್ನೊಂದು, ಸಂಕೇತ ಸೇರುವ ಫೇಸ್ ಸೆಂಟರ್ ಮತ್ತೊಂದು. ತಳದಿಂದ ಫೇಸ್ ಸೆಂಟರಿಗೆ ಮಾದರಿಯನ್ನು ಅವಲಂಬಿಸಿ ಹತ್ತು ಸೆಂಟಿಮೀಟರಿನಷ್ಟೂ ಅಂತರವಿರಬಹುದು. ತಳಕ್ಕೆ ಅಳೆದು ಪಟ್ಟಿಯಲ್ಲಿ ‘ಫೇಸ್ ಸೆಂಟರ್’ ಎಂದು ಆರಿಸಿದರೆ ಅಷ್ಟೂ ಎತ್ತರಕ್ಕೆ ಸೇರುತ್ತದೆ. ಅಂತರ ನಿಮ್ಮ ಆಂಟೆನಾದ ವಿವರಪತ್ರದಲ್ಲಿ ಬರೆದ ಒಂದು ಅಂಕಿಗೆ ಸರಿಯಾಗಿ ಕೂತರೆ ದೋಷ ಸಿಕ್ಕಿತೆಂದೇ ಲೆಕ್ಕ.

ಆಂಟೆನಾ ಎತ್ತರವನ್ನು ಮೂರು ಕಡೆಯಿಂದ ಅಳೆಯಿರಿ. ಮೂರೂ ಮೂರು ಮಿಲಿಮೀಟರಿನೊಳಗೆ ಹೊಂದದಿದ್ದರೆ ಆಂಟೆನಾ ಮಟ್ಟದಲ್ಲಿಲ್ಲ ಅಥವಾ ಬಿಂದುವಿನ ನೇರಕ್ಕಿಲ್ಲ. ದಾಖಲೆ ಮುಗಿದ ಮೇಲೆ ಕೀಳುವ ಮೊದಲು ಮತ್ತೊಮ್ಮೆ ಅಳೆಯಿರಿ. ಕಡಿಮೆಯಾಗಿದ್ದರೆ ಟ್ರೈಪಾಡಿನ ಕಾಲು ಇಳಿದಿದೆ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಹಸಿ ಮಣ್ಣಿನಲ್ಲೂ ಇದು ಮಾಮೂಲು. ಅಳತೆಯನ್ನು ಹಾಳೆಯಲ್ಲಿ ಬರೆಯುವಾಗ ‘ಓರೆ, ಬದಿಯ ಗುರುತಿಗೆ’ ಎಂಬಂತೆ ಮಾತಿನಲ್ಲೂ ಬರೆಯಿರಿ. ಬರೀ 1.500 ಎಂಬ ಅಂಕಿಯಿಂದ ಆರು ತಿಂಗಳ ನಂತರ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಬೇರೆ ಕಂಪನಿಯ ಸಾಫ್ಟ್‌ವೇರಿಗೆ ಕಡತ ಹೋಗುವಾಗ ರಿನೆಕ್ಸ್ (ಬೇರೆ ಬೇರೆ ಕಂಪನಿಗಳ ಸಾಫ್ಟ್‌ವೇರ್ ಓದಬಲ್ಲ ಸಾಮಾನ್ಯ ರೂಪ) ಕಡತವನ್ನು ಪಠ್ಯ ಸಂಪಾದಕದಲ್ಲಿ ತೆರೆದು ತಲೆಬರಹ ನೋಡಿ. ಆಂಟೆನಾ ಮಾದರಿಯ ಜಾಗ ಖಾಲಿ ಇದೆಯೇ? ಎತ್ತರದ ಸಾಲಿನಲ್ಲಿ ಇರಬೇಕಾದದ್ದು ಆಂಟೆನಾ ತಳದವರೆಗಿನ ಲಂಬ ಎತ್ತರ. ಅಲ್ಲಿ ನಿಮ್ಮ ಓರೆ ಅಳತೆಯೇ ಕುಳಿತಿದ್ದರೆ ಪರಿವರ್ತನೆಯಲ್ಲೇ ತಪ್ಪಾಗಿದೆ.

ಅಂತರ ಹತ್ತಾರು ಮೀಟರ್ ಇದ್ದರೆ ಟೇಪು ಬಿಡಿ. ರಿಸೀವರ್ ಕೊಡುವುದು ಗಣಿತದ ದೀರ್ಘವೃತ್ತಜದಿಂದ (ಭೂಮಿಯ ಆಕಾರಕ್ಕೆ ಹೊಂದಿಸಿದ ನುಣುಪು ಮೇಲ್ಮೈ) ಮೇಲಿನ ಎತ್ತರ, ಎತ್ತರ ಮೊದಲೇ ಗೊತ್ತಿರುವ ಬೆಂಚ್‌ಮಾರ್ಕಿನದ್ದು ಸರಾಸರಿ ಸಮುದ್ರಮಟ್ಟದಿಂದ. ಇವೆರಡರ ನಡುವಿನ ಜಿಯಾಯ್ಡ್ ಅಂತರ ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸುಮಾರು ಮೈನಸ್ 106 ಮೀಟರಿನಿಂದ ನ್ಯೂ ಗಿನಿ ಬಳಿ ಪ್ಲಸ್ 85 ಮೀಟರಿನವರೆಗೆ ಬದಲಾಗುತ್ತದೆ. ಜಿಯಾಯ್ಡ್ ಮಾದರಿ ಹಾಕಿಲ್ಲವೇ, ಎರಡು ಸಲ ಕಳೆದಿದ್ದೀರಾ, ಚಿಹ್ನೆ ತಿರುಗಿದೆಯೇ ನೋಡಿ. ಚಿಹ್ನೆ ತಿರುಗಿದ್ದರೆ ತಪ್ಪು ಜಿಯಾಯ್ಡ್ ಅಂತರದ ಸರಿಯಾಗಿ ಎರಡು ಪಟ್ಟು ಇರುತ್ತದೆ.

ಲಕ್ಷಣ: ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿವೆ

ಬಿಂದುಗಳ ನಡುವಿನ ದೂರಗಳು ಸರಿಯಿದ್ದು ಗುಂಪೇ ಸರಿದಿದ್ದರೆ ಅಳತೆ ಚೆನ್ನಾಗಿದೆ, ನೆಲೆ ತಪ್ಪಿದೆ. ಮೊದಲು ಬೇಸಿನ ನಿರ್ದೇಶಾಂಕ ಎಲ್ಲಿಂದ ಬಂತೆಂದು ಕೇಳಿ. ರಿಸೀವರ್ ತಾನೇ ಗುರುತಿಸಿಕೊಂಡ ‘ಇಲ್ಲಿ’ ಎಂಬ ಸ್ಥಾನವನ್ನು ಒತ್ತಿ ಮುಂದೆ ಹೋಗಿದ್ದರೆ ಕೆಲವು ಮೀಟರ್ ತಪ್ಪು ಖಂಡಿತ. ಬೇಸಿನ ಕಚ್ಚಾ ದಾಖಲೆ ಎರಡು ಗಂಟೆಗಿಂತ ಹೆಚ್ಚಿದ್ದರೆ ಅಮೆರಿಕದ ಓಪಸ್, ಆಸ್ಟ್ರೇಲಿಯಾದ ಆಸ್‌ಪಾಸ್, ಕೆನಡಾದ ಸಿಎಸ್‌ಆರ್‌ಎಸ್-ಪಿಪಿಪಿಯಂಥ ಆನ್‌ಲೈನ್ ಸೇವೆಗಳಿಂದ ನಿಜವಾದ ಸ್ಥಾನ ಪಡೆದು ಇಡೀ ಕೆಲಸವನ್ನು ಹೊಸ ಬೇಸಿನಿಂದ ಮತ್ತೆ ಲೆಕ್ಕ ಹಾಕಬಹುದು, ಕ್ಷೇತ್ರಕ್ಕೆ ಹೋಗಬೇಕಿಲ್ಲ.

ಬೇಸ್ ಸರಿಯಿದ್ದೂ ಒಂದೆರಡು ಮೀಟರ್ ಉಳಿದರೆ ಡೇಟಮ್ ನೋಡಿ. ‘ಜಿಪಿಎಸ್‌ನ ಡೇಟಮ್ ಆದ ಡಬ್ಲ್ಯುಜಿಎಸ್84 ಮತ್ತು ನಮ್ಮ ಸ್ಥಳೀಯ ಡೇಟಮ್ ಒಂದೇ’ ಎಂಬ ಮಾತು ಕೈಯಲ್ಲಿನ ಫೋನಿಗೆ ಸಾಕು, ನಿಯಂತ್ರಣ ಬಿಂದುವಿಗೆ ಸಾಲದು. ಉತ್ತರ ಅಮೆರಿಕದ ಎನ್‌ಎಡಿ83 ಡೇಟಮ್ ಮತ್ತು ಈಗಿನ ಜಾಗತಿಕ ಚೌಕಟ್ಟಾದ ಐಟಿಆರ್‌ಎಫ್ ನಡುವೆ ಒಂದರಿಂದ ಎರಡು ಮೀಟರ್ ಅಂತರವಿದೆ. ಖಂಡಗಳು ಚಲಿಸುವುದರಿಂದ ನಿರ್ದೇಶಾಂಕಕ್ಕೆ ದಿನಾಂಕವೂ ಬೇಕು. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಸಾಗುತ್ತದೆ, ಡೇಟಮನ್ನು ಜಿಡಿಎ94ರಿಂದ ಜಿಡಿಎ2020ಕ್ಕೆ ಬದಲಾಯಿಸಿದಾಗ ಅಲ್ಲಿನ ನಿರ್ದೇಶಾಂಕಗಳು ಸುಮಾರು 1.8 ಮೀಟರ್ ಸರಿದವು. ಆನ್‌ಲೈನ್ ಸೇವೆಯ ವರದಿಯಲ್ಲಿ ಎರಡು ಮೂರು ಚೌಕಟ್ಟುಗಳ ಬೆಲೆ ಒಟ್ಟಿಗೆ ಮುದ್ರಿತವಾಗಿರುತ್ತದೆ. ಯಾವ ಸಾಲನ್ನು ನಕಲಿಸಿದಿರಿ ಎಂದು ತಿರುಗಿ ನೋಡಿ.

ಲಕ್ಷಣ: ಟೋಟಲ್ ಸ್ಟೇಷನ್ ದೂರಕ್ಕೂ ಉಪಗ್ರಹ ಸರ್ವೆಯ ದೂರಕ್ಕೂ ತಾಳೆಯಾಗುತ್ತಿಲ್ಲ

ಟೋಟಲ್ ಸ್ಟೇಷನ್ ಎಂದರೆ ಬೆಳಕಿನ ಕಿರಣದಿಂದ ದೂರವನ್ನೂ ಕೋನವನ್ನೂ ಅಳೆಯುವ ಉಪಕರಣ. ಎರಡು ಬೇರೆ ಬೇರೆ ಉದ್ದಗಳನ್ನು ಹೋಲಿಸಿ. ವ್ಯತ್ಯಾಸ ಉದ್ದದ ಜೊತೆ ಬೆಳೆದರೆ ಅದು ಹೆಚ್ಚಾಗಿ ದೋಷವಲ್ಲ, ಪ್ರಕ್ಷೇಪದ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ತರುವ ಲೆಕ್ಕದ) ಮಾಪಕ. ಯುಟಿಎಂ ಎಂಬ ಪ್ರಕ್ಷೇಪದ ಮಧ್ಯರೇಖೆಯಲ್ಲಿ ಮಾಪಕ 0.9996, ಅಂದರೆ ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ. ನೆಲ 1000 ಮೀಟರ್ ಎತ್ತರದಲ್ಲಿದ್ದರೆ ಇನ್ನೂ ಸುಮಾರು 15.7 ಸೆಂಟಿಮೀಟರ್. ಎರಡೂ ಸೇರಿ ಕಿಲೋಮೀಟರಿಗೆ 55 ಸೆಂಟಿಮೀಟರ್ ದಾಟುತ್ತದೆ. ನೆಲದ ದೂರ ಮತ್ತು ಗ್ರಿಡ್ (ನಕ್ಷೆಯ) ದೂರ ಎರಡರಲ್ಲಿ ಯಾವುದನ್ನು ಕೊಡುತ್ತಿದ್ದೀರಿ ಎಂದು ನಕ್ಷೆಯ ಮೇಲೆ ಬರೆದರೆ ಜಗಳ ಮುಗಿಯಿತು. ವ್ಯತ್ಯಾಸ ಎಲ್ಲ ಉದ್ದಕ್ಕೂ ಒಂದೇ ಆಗಿದ್ದರೆ ಪ್ರಿಸಂ ಸ್ಥಿರಾಂಕ (ಕಿರಣವನ್ನು ಹಿಂತಿರುಗಿಸುವ ಪ್ರಿಸಂಗಾಗಿ ದೂರಕ್ಕೆ ಮಾಡುವ ತಿದ್ದುಪಡಿ) ನೋಡಿ.

ದೂರ ಸರಿಯಿದ್ದು ದಿಕ್ಕು ಹೊಂದದಿದ್ದರೆ ಜೋಡಿ ಬಿಂದುಗಳು ಬಹಳ ಹತ್ತಿರವಿರಬೇಕು. ನೂರು ಮೀಟರ್ ಅಂತರದ ಜೋಡಿಯಲ್ಲಿ 5 ಮಿಲಿಮೀಟರ್ ತಪ್ಪು ದಿಕ್ಕಿನಲ್ಲಿ ಹತ್ತು ಸೆಕೆಂಡ್ ಕೋನವಾಗುತ್ತದೆ, ಐನೂರು ಮೀಟರಿನಲ್ಲಿ ಎರಡೇ ಸೆಕೆಂಡ್.

ಲಕ್ಷಣ: ಬೇಸ್‌ಲೈನ್ ಲೆಕ್ಕ ಕೂಡುತ್ತಿಲ್ಲ, ಲೂಪ್ ಮುಚ್ಚುತ್ತಿಲ್ಲ

ಬೇಸ್‌ಲೈನ್ ಎಂದರೆ ಎರಡು ರಿಸೀವರುಗಳ ನಡುವೆ ಲೆಕ್ಕ ಹಾಕಿದ ರೇಖೆ, ಅಂಥ ರೇಖೆಗಳು ಸುತ್ತಿ ಹೊರಟಲ್ಲಿಗೇ ಬಂದರೆ ಲೂಪ್. ಎರಡೂ ರಿಸೀವರ್ ಒಟ್ಟಿಗೆ ಓಡಿದ ಸಮಯವಷ್ಟೇ ಲೆಕ್ಕಕ್ಕೆ ಬರುತ್ತದೆ. ಒಂದು ಎರಡು ಗಂಟೆ ಓಡಿ ಇನ್ನೊಂದು ಕೊನೆಯ ಇಪ್ಪತ್ತು ನಿಮಿಷ ಸೇರಿಕೊಂಡಿದ್ದರೆ ನಿಮ್ಮ ಬಳಿ ಇರುವುದು ಇಪ್ಪತ್ತೇ ನಿಮಿಷ. ಹತ್ತು ಕಿಲೋಮೀಟರ್ ಬೇಸ್‌ಲೈನಿಗೆ ಒಂದು ಗಂಟೆಗಿಂತ ಕಡಿಮೆ ಬಿಡಬೇಡಿ ಎಂಬುದು ನನ್ನ ಸಲಹೆ. ದಾಖಲೆಯ ಅಂತರವೂ ಹೊಂದಬೇಕು. ಒಂದು 10 ಸೆಕೆಂಡಿಗೊಮ್ಮೆ, ಇನ್ನೊಂದು 15 ಸೆಕೆಂಡಿಗೊಮ್ಮೆ ಬರೆದರೆ ಸಿಗುವುದು 30 ಸೆಕೆಂಡಿಗೊಮ್ಮೆ. ಹಾಗೆಯೇ ಕಡತದ ಹೆಸರನ್ನು ನಂಬಬೇಡಿ, ತಲೆಬರಹದ ಅಂದಾಜು ಸ್ಥಾನ ನೋಡಿ. ಹಿಂದಿನ ಬಿಂದುವಿನ ಹೆಸರಿನಲ್ಲೇ ಹೊಸದನ್ನು ಉಳಿಸಿರುವುದು ಬಹಳ ಸಲ ಇಲ್ಲಿ ಹೊರಬರುತ್ತದೆ.

ಚಿಕ್ಕ ಬೇಸ್‌ಲೈನಿನಲ್ಲಿ ಕಕ್ಷೆಯನ್ನು ದೂರಲು ಆಧಾರವಿಲ್ಲ. ಉಪಗ್ರಹವೇ ಸಾರುವ ಕಕ್ಷೆ ಒಂದು ಮೀಟರ್ ತಪ್ಪಿದ್ದರೂ 20,000 ಕಿಲೋಮೀಟರ್ ದೂರದಿಂದ ಬರುವಾಗ ಹತ್ತು ಕಿಲೋಮೀಟರ್ ಬೇಸ್‌ಲೈನಿನಲ್ಲಿ ಅದರ ಪಾಲು ಅರ್ಧ ಮಿಲಿಮೀಟರ್. ನೂರಾರು ಕಿಲೋಮೀಟರ್ ಬೇಸ್‌ಲೈನುಗಳಿದ್ದರೆ ಮಾತ್ರ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ (ಸ್ಥಾನ ತಿಳಿಸುವ ಉಪಗ್ರಹ ವ್ಯವಸ್ಥೆಗಳ) ಸೇವೆಯ ನಿಖರ ಕಕ್ಷೆಗೆ ಕಾಯಿರಿ. ತ್ವರಿತ ಆವೃತ್ತಿ ಮರುದಿನ, ಅಂತಿಮ ಆವೃತ್ತಿ ಸುಮಾರು ಎರಡು ವಾರದಲ್ಲಿ ಬರುತ್ತದೆ.

ಶೇಷದ (ಲೆಕ್ಕಕ್ಕೆ ಹೊಂದದೆ ಉಳಿದ ವ್ಯತ್ಯಾಸದ) ಚಿತ್ರದಲ್ಲಿ ಒಂದೇ ಉಪಗ್ರಹ ಹಾವಿನಂತೆ ಏರಿಳಿಯುತ್ತಿದ್ದರೆ ಅದನ್ನು ತೆಗೆದು, ಅಥವಾ ಮಾಸ್ಕ್ ಅನ್ನು 15ಕ್ಕೆ ಏರಿಸಿ ಮತ್ತೆ ಲೆಕ್ಕ ಹಾಕಿ. ಬೇಕಾದ ಉತ್ತರ ಬರುವವರೆಗೆ ಒಂದೊಂದೇ ಉಪಗ್ರಹ ಕೀಳುತ್ತ ಹೋಗುವುದು ಮಾತ್ರ ಲೆಕ್ಕವಲ್ಲ.

ಇನ್ನು ಲೂಪ್ ಚೆನ್ನಾಗಿ ಮುಚ್ಚಿದಾಗಿನ ಅಪಾಯ. ಮೂರು ರಿಸೀವರುಗಳನ್ನು ಒಂದೇ ಹೊತ್ತಿಗೆ ಓಡಿಸಿದರೆ ಸಾಫ್ಟ್‌ವೇರ್ ಮೂರು ಬೇಸ್‌ಲೈನ್ ತೋರಿಸುತ್ತದೆ. ಅವುಗಳಲ್ಲಿ ಸ್ವತಂತ್ರವಾದವು ಎರಡೇ, ಮೂರನೆಯದು ಅವೆರಡರಿಂದಲೇ ಹುಟ್ಟಿದ್ದು. ಆ ತ್ರಿಕೋನ ಸೊನ್ನೆಗೆ ಮುಚ್ಚಿದರೆ ಏನೂ ಸಾಬೀತಾಗಲಿಲ್ಲ. ಒಂದು ಬಿಂದುವಿನಲ್ಲಿ ಆಂಟೆನಾ ಎತ್ತರ ಹತ್ತು ಸೆಂಟಿಮೀಟರ್ ತಪ್ಪಿದ್ದರೂ ಬರುವ ಬೇಸ್‌ಲೈನಿಗೆ ಸೇರಿದ ತಪ್ಪು ಹೋಗುವ ಬೇಸ್‌ಲೈನಿನಲ್ಲಿ ಕಳೆದುಹೋಗಿ ಲೂಪ್ ಮುಚ್ಚಿಯೇ ಮುಚ್ಚುತ್ತದೆ. ಎರಡು ಬೇಸ್‌ಲೈನ್‌ಗಳ ನಡುವೆ ಟ್ರೈಪಾಡ್ ಕಿತ್ತು, ಎತ್ತರ ಬದಲಿಸಿ, ಮತ್ತೆ ನಿಲ್ಲಿಸಿದರೆ ಮಾತ್ರ ಆ ತಪ್ಪು ಲೂಪಿನಲ್ಲಿ ಹೊರಬೀಳುತ್ತದೆ. ಬೇರೆ ಬೇರೆ ಅವಧಿಗಳ ಬೇಸ್‌ಲೈನುಗಳಿಂದ ಲೂಪ್ ಕಟ್ಟಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಲಕ್ಷಣ: ಕಡತದ ದಿನಾಂಕ ಸುಮಾರು ಇಪ್ಪತ್ತು ವರ್ಷ ಹಿಂದಿನದು

ಹಳೆಯ ರಿಸೀವರ್ ಜಿಪಿಎಸ್ ವಾರವನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 1999ರ ಆಗಸ್ಟ್ ಮತ್ತು 2019ರ ಏಪ್ರಿಲ್‌ನಲ್ಲಿ ಈ ಎಣಿಕೆ ಮರಳಿತು. ಫರ್ಮ್‌ವೇರ್ ನವೀಕರಿಸಿ. ತಯಾರಕರು ಕೈಬಿಟ್ಟ ಮಾದರಿಯಾದರೆ ರಿನೆಕ್ಸ್ ಪರಿವರ್ತನೆಯಲ್ಲಿ ಸರಿಯಾದ ವಾರ ಕೊಡುವ ಆಯ್ಕೆ ಹುಡುಕಿ.

ಲಕ್ಷಣ: ಹಳೆಯ ನಿಯಂತ್ರಣ ಬಿಂದುಗಳಿಗೆ ಕಟ್ಟಿದ ಕೂಡಲೇ ಜಾಲ ಕೆಡುತ್ತದೆ

ಮೊದಲು ಒಂದೇ ಬಿಂದುವನ್ನು ಸ್ಥಿರವೆಂದು ಹಿಡಿದು ಜಾಲದ ಹೊಂದಾಣಿಕೆ (ಅಳತೆಗಳನ್ನೆಲ್ಲ ಒಟ್ಟಿಗೆ ಕೂಡಿಸುವ ಲೆಕ್ಕ) ಮಾಡಿ. ಅದರಲ್ಲೇ ಶೇಷಗಳು ದೊಡ್ಡವಿದ್ದರೆ ದೋಷ ನಿಮ್ಮ ಅಳತೆಯಲ್ಲಿದೆ, ಬೇಸ್‌ಲೈನ್ ಮತ್ತು ಲೂಪಿನ ವಿಭಾಗಕ್ಕೆ ಹೋಗಿ. ಚೆನ್ನಾಗಿ ಬಂದರೆ ಹಳೆಯ ಬಿಂದುಗಳನ್ನು ಒಂದೊಂದಾಗಿ ಸೇರಿಸಿ. ಯಾವುದನ್ನು ಸೇರಿಸಿದಾಗ ಕೆಡುತ್ತದೆಯೋ ಅದರ ಹತ್ತಿರ ಹೋಗಿ ನೋಡಿ: ಕಲ್ಲು ವಾಲಿದೆಯೇ, ವಾಹನ ಬಡಿದಿದೆಯೇ, ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಮಣ್ಣಿನಲ್ಲಿ ನೆಟ್ಟಿದೆಯೇ, ಪಕ್ಕದಲ್ಲೇ ಇನ್ನೊಂದು ಗುರುತು ಇದೆಯೇ?

ಆರ್‌ಟಿಕೆಯನ್ನು ಸ್ಥಳೀಯ ಬಿಂದುಗಳಿಗೆ ಹೊಂದಿಸುವಾಗ ಸಮತಲದಲ್ಲಿ ಎರಡೇ ಬಿಂದು ಬಳಸಿ, ಮಾಪಕವನ್ನೂ ಬದಲಾಗಲು ಬಿಟ್ಟರೆ ಶೇಷ ಸೊನ್ನೆಯೇ ಬರುತ್ತದೆ. ಹೊಂದಾಣಿಕೆಗೆ ಹೆಚ್ಚುವರಿ ಬಿಂದುವೇ ಇಲ್ಲದಿರುವುದರಿಂದ ಹಾಗೆ ಬರುತ್ತದೆ, ಬಿಂದುಗಳ ಗುಣ ಅದರಿಂದ ತಿಳಿಯದು. ಕೆಲಸದ ಜಾಗವನ್ನು ಸುತ್ತುವರಿದ ಕನಿಷ್ಠ ನಾಲ್ಕು ಬಿಂದುಗಳಿರಲಿ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ರಿಸೀವರ್ ಬಿದ್ದಿದ್ದರೆ ಅಥವಾ ಒಳಗೆ ನೀರು ಹೋಗಿದ್ದರೆ ಬಿಚ್ಚಬೇಡಿ. ಟೇಪಿನಲ್ಲಿ ನಿಖರವಾಗಿ ಅಳೆದ ಕೆಲವೇ ಮೀಟರ್ ಅಂತರದ ಎರಡು ಬಿಂದುಗಳ ಮೇಲೆ ಓಡಿಸಿ ನೋಡಿ. ಅಷ್ಟು ಚಿಕ್ಕ ದೂರದಲ್ಲೇ ಸೆಂಟಿಮೀಟರ್ ತಪ್ಪಿದರೆ ಸರ್ವಿಸ್ ಕೇಂದ್ರಕ್ಕೆ ಕಳಿಸಿ. ಆರ್‌ಟಿಕೆ ಉಪಕರಣದ ಕ್ಷೇತ್ರ ಪರೀಕ್ಷೆಗೆ ಐಎಸ್‌ಒ 17123-8 ಎಂಬ ಮಾನದಂಡವಿದೆ, ಅದರ ಪ್ರಕಾರ ಪರೀಕ್ಷಿಸಿ ವರದಿ ಕೇಳಬಹುದು.

ಸರ್ಕಾರಿ ನಿಯಂತ್ರಣ ಬಿಂದು ಅಲುಗಾಡಿದೆ ಎನಿಸಿದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಫೋಟೊ ಮತ್ತು ಅಳತೆಯೊಂದಿಗೆ ಅದನ್ನು ಸ್ಥಾಪಿಸಿದ ಸಂಸ್ಥೆಗೆ ತಿಳಿಸಿ, ನಿಮ್ಮ ಜಾಲದಿಂದ ಅದನ್ನು ಬಿಡಿ. ಆ ಬಿಂದುವಿನಿಂದ ಈಗಾಗಲೇ ಜಮೀನಿನ ಗಡಿ ಗುರುತಿಸಿದ್ದರೆ ತಿದ್ದುಪಡಿ ನಿಮ್ಮೊಬ್ಬರ ತೀರ್ಮಾನವಲ್ಲ. ಪರವಾನಗಿ ಪಡೆದ ಹಿರಿಯ ಸರ್ವೆಯರ್ ಒಬ್ಬರು ನೋಡುವವರೆಗೆ ಹೊಸ ಗುರುತು ನೆಡಬೇಡಿ, ಹಳೆಯದನ್ನು ಕೀಳಲೂಬೇಡಿ.

ನೆರವು ಕೇಳುವಾಗ ಕಳಿಸಬೇಕಾದವು: ತಯಾರಕರ ಮೂಲ ರೂಪದ ಕಚ್ಚಾ ಕಡತ ಮತ್ತು ಅದರ ರಿನೆಕ್ಸ್ ಪ್ರತಿ, ರಿಸೀವರ್ ಹಾಗೂ ಆಂಟೆನಾದ ಪೂರ್ಣ ಮಾದರಿ ಹೆಸರು, ಫರ್ಮ್‌ವೇರ್ ಆವೃತ್ತಿ, ಕ್ಷೇತ್ರ ಹಾಳೆಯ ಫೋಟೊ, ಹಿಡಿದಿಟ್ಟ ಬಿಂದುಗಳ ಬೆಲೆಗಳು, ಅವುಗಳ ಡೇಟಮ್ ಮತ್ತು ದಿನಾಂಕ, ಬಳಸಿದ ಜಿಯಾಯ್ಡ್ ಮಾದರಿ. ಬಿಂದುವಿನ ಮೇಲೆ ಆಂಟೆನಾ ನಿಂತಿರುವ, ಟೇಪು ಯಾವ ಗುರುತಿಗೆ ಮುಟ್ಟಿದೆ ಎಂಬುದು ಕಾಣುವ ಚಿತ್ರವಿದ್ದರೆ ಅದನ್ನೂ ಸೇರಿಸಿ.